ಬೇರೆ ಬೇರೆ ಅಳತೆಯ ರೀಚಾರ್ಜಬಲ್ ಸೆಲ್ಲುಗಳಿಗೆ ಮನೆಯ ಚಾರ್ಜರ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮಾತಿನಲ್ಲಿ ‘ಬ್ಯಾಟರಿ’ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚ್, ಅದರೊಳಗೆ ಹಾಕುವುದು ‘ಸೆಲ್ಲು’. ಇಲ್ಲಿಯೂ ‘ಸೆಲ್ಲು’ ಎಂಬ ಮಾತನ್ನೇ ಇಟ್ಟುಕೊಂಡಿದ್ದೇನೆ. ರಾಯಚೂರಿನ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಟಾರ್ಚಿಗೆ, ಬಿಪಿ ನೋಡುವ ಯಂತ್ರಕ್ಕೆ, ಮಕ್ಕಳ ಆಟಿಕೆಗಳಿಗೆ ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲುಗಳನ್ನೇ ಬಳಸುತ್ತಿದ್ದೇವೆ. ಅದನ್ನು ನೋಡಿದ ಬಂಧುಗಳೂ ನೆರೆಯವರೂ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಇವು.

ಮನೆಯಲ್ಲಿ ಮೂರು ನಾಲ್ಕು ಅಳತೆಯ ಸೆಲ್ಲುಗಳಿವೆ. ಎಲ್ಲಕ್ಕೂ ಒಂದೇ ಚಾರ್ಜರ್ ಸಾಕೇ?

ಸಾಕಾಗಬಹುದು, ಆದರೆ ಅಳತೆಗಿಂತ ಮೊದಲು ಸೆಲ್ಲಿನ ಒಳಗಿನ ಜಾತಿಯನ್ನು ನೋಡಬೇಕು. ಒಂದೇ ಜಾತಿಯ ಸಣ್ಣ ಸೆಲ್ಲು, ದೊಡ್ಡ ಸೆಲ್ಲು ಎರಡನ್ನೂ ಒಂದು ಒಳ್ಳೆಯ ಚಾರ್ಜರ್ ನಿಭಾಯಿಸುತ್ತದೆ. ಅಳತೆ ಒಂದೇ ಆಗಿದ್ದು ಜಾತಿ ಬೇರೆಯಾಗಿದ್ದರೆ ಅಪಾಯವಿದೆ. ಮನೆಬಳಕೆಯಲ್ಲಿ ಮುಖ್ಯವಾಗಿ ಕಾಣುವ ಜಾತಿಗಳು ಎರಡು. ರಿಮೋಟ್, ಟಾರ್ಚ್, ಆಟಿಕೆಗಳಲ್ಲಿ ಮಾಮೂಲಿ ಸೆಲ್ಲಿನ ಬದಲಿಗೆ ಹಾಕುವುದು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು, ಅದರ ವೋಲ್ಟೇಜ್ 1.2. ಹೊಸ ಎಲ್‌ಇಡಿ ಟಾರ್ಚ್‌ಗಳಲ್ಲಿ, ಹಣೆಗೆ ಕಟ್ಟಿಕೊಳ್ಳುವ ದೀಪಗಳಲ್ಲಿ ಬರುವುದು ಲಿಥಿಯಂ ಅಯಾನ್ ಸೆಲ್ಲು, ಅದರ ವೋಲ್ಟೇಜ್ 3.6 ಅಥವಾ 3.7 ಆಗಿದ್ದು, ಪೂರ್ತಿ ತುಂಬಿದಾಗ 4.2ಕ್ಕೆ ಏರುತ್ತದೆ. ಇವೆರಡನ್ನು ಚಾರ್ಜ್ ಮಾಡುವ ಕ್ರಮವೇ ಬೇರೆ. ನಿಕಲ್ ಸೆಲ್ಲಿಗೆಂದೇ ಮಾಡಿದ ಚಾರ್ಜರ್‌ನಲ್ಲಿ ಲಿಥಿಯಂ ಸೆಲ್ಲನ್ನು ಎಂದಿಗೂ ಇಡಬಾರದು.

ಸೆಲ್ಲಿನ ಮೇಲಿನ ಅಕ್ಷರಗಳಿಂದ ಅಳತೆಯನ್ನೂ ಜಾತಿಯನ್ನೂ ಗುರುತಿಸುವುದು ಹೇಗೆ?

ಅಂಗಡಿಯಲ್ಲಿ ‘ಪೆನ್ಸಿಲ್ ಸೆಲ್’ ಎಂದು ಕೇಳಿದರೆ ಕೆಲವರು ಎಎ ಕೊಡುತ್ತಾರೆ, ಕೆಲವರು ಎಎಎ ಕೊಡುತ್ತಾರೆ. ಎಎ ಸೆಲ್ಲಿನ ದಪ್ಪ ಸುಮಾರು 14.5 ಮಿಲಿಮೀಟರ್, ಉದ್ದ ಸುಮಾರು 50 ಮಿಲಿಮೀಟರ್. ಎಎಎ ಸೆಲ್ಲಿನ ದಪ್ಪ 10.5, ಉದ್ದ 44.5. ಹಳೆಯ ತಗಡಿನ ಟಾರ್ಚಿನಲ್ಲಿ ಹಾಕುವ ದಪ್ಪನೆಯ ಸೆಲ್ಲು ಡಿ, ಅದಕ್ಕಿಂತ ಒಂದು ಮಟ್ಟ ಸಣ್ಣದು ಸಿ. ರೀಚಾರ್ಜಬಲ್ ನಿಕಲ್ ಸೆಲ್ಲಿನ ಮೇಲೆ ಎಚ್‌ಆರ್6, ಎಚ್‌ಆರ್03, ಎಚ್‌ಆರ್14, ಎಚ್‌ಆರ್20 ಎಂಬ ಗುರುತುಗಳಿರುತ್ತವೆ. ಇವು ಕ್ರಮವಾಗಿ ಎಎ, ಎಎಎ, ಸಿ ಮತ್ತು ಡಿ. ಇದೇ ಅಂಕಿಗಳ ಮುಂದೆ ಎಲ್‌ಆರ್ ಎಂದಿದ್ದರೆ ಅದು ಆಲ್ಕಲೈನ್, ಬರೀ ಆರ್ ಎಂದಿದ್ದರೆ ಅಗ್ಗದ ಜಿಂಕ್ ಕಾರ್ಬನ್. ಆ ಎರಡೂ ಚಾರ್ಜರ್‌ಗೆ ಹಾಕುವಂಥವಲ್ಲ.

ಪ್ಲಗ್ಗಿಗೆ ಸಿಕ್ಕಿಸಿ ರಾತ್ರಿಯೆಲ್ಲ ಬಿಡುವ ಅಗ್ಗದ ಚಾರ್ಜರ್‌ನಲ್ಲಿ ತಪ್ಪೇನಿದೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು, ಏಕೆಂದರೆ ನಮ್ಮ ಜಿಲ್ಲೆಗಳ ಮನೆಗಳಲ್ಲಿ ಸೆಲ್ಲುಗಳು ಬೇಗ ಕೆಡಲು ದೊಡ್ಡ ಕಾರಣ ಇಂತಹ ಚಾರ್ಜರ್ ಎಂದೇ ನನ್ನ ಅನುಭವ.

ಅಗ್ಗದ ಚಾರ್ಜರ್‌ಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದಕ್ಕೆ ನಿಲ್ಲುವುದೇ ಗೊತ್ತಿಲ್ಲ, ನಾವು ತೆಗೆಯುವವರೆಗೂ ಕರೆಂಟ್ ಕೊಡುತ್ತಲೇ ಇರುತ್ತದೆ. ಅಂಥದರಲ್ಲಿ 2000 ಎಂಎಎಚ್‌ನ (ಮಿಲಿ ಆಂಪಿಯರ್ ಅವರ್, ಅಂದರೆ ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಎ ಸೆಲ್ಲಿಗೆ 200 ಮಿಲಿ ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳೋಣ. ಲೆಕ್ಕದ ಪ್ರಕಾರ ಹತ್ತು ಗಂಟೆ ಸಾಕು, ಆದರೆ ಕೊಟ್ಟದ್ದೆಲ್ಲ ಸೆಲ್ಲಿನೊಳಗೆ ಉಳಿಯುವುದಿಲ್ಲವಾದ್ದರಿಂದ 14ರಿಂದ 16 ಗಂಟೆ ಬೇಕಾಗುತ್ತದೆ. ಎಎ ಸೆಲ್ಲು ಇಷ್ಟನ್ನು ತಾಳಿಕೊಳ್ಳುತ್ತದೆ. ಅದೇ ಜಾಗದಲ್ಲಿ 800 ಎಂಎಎಚ್‌ನ ಎಎಎ ಸೆಲ್ಲನ್ನು ಇಟ್ಟು, ಅದಕ್ಕೂ ಅಷ್ಟೇ ಕರೆಂಟ್ ಹರಿದರೆ, ಆರು ಗಂಟೆಯೊಳಗೆ ಅದು ತುಂಬಿ, ಉಳಿದ ಹೊತ್ತೆಲ್ಲ ಸುಮ್ಮನೆ ಕಾಯುತ್ತಾ ಬೇಯುತ್ತಿರುತ್ತದೆ. ಬೇರೆ ಬೇರೆ ಅಳತೆಯ ಸೆಲ್ಲುಗಳಿರುವ ಮನೆಗೆ ಗಡಿಯಾರ ನೋಡಿ ತೆಗೆಯುವ ಚಾರ್ಜರ್ ಹೊಂದುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ.

ಎರಡನೆಯ ಬಗೆ ಟೈಮರ್ ಇರುವಂಥದ್ದು. ಎಂಟು ಗಂಟೆಗೋ ಹತ್ತು ಗಂಟೆಗೋ ತಾನಾಗಿ ನಿಲ್ಲುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಕರೆಂಟ್ ಹೋಗದ ಊರಿನಲ್ಲಿ ಅದು ನಿಜವೂ ಹೌದು. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗ ಆ ಟೈಮರ್ ಹಿಂದಿನದನ್ನು ಮರೆತು ಮೊದಲಿನಿಂದ ಎಣಿಸತೊಡಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ಅಂತಹ ಚಾರ್ಜರ್‌ನಲ್ಲಿ ನಾಲ್ಕು ಸೆಲ್ಲುಗಳನ್ನು ಇಟ್ಟು ಮಲಗಿದ್ದೆ. ರಾತ್ರಿ ಮೂರು ಬಾರಿ ಕರೆಂಟ್ ಹೋಗಿ ಬಂತು. ಬೆಳಿಗ್ಗೆ ನೋಡಿದರೆ ಕೆಂಪು ದೀಪ ಇನ್ನೂ ಉರಿಯುತ್ತಿತ್ತು, ಸೆಲ್ಲುಗಳನ್ನು ಬರಿಗೈಯಲ್ಲಿ ಮುಟ್ಟಲಾಗಲಿಲ್ಲ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮುದುಡಿ, ಅಂಚಿನಲ್ಲಿ ಸುರುಳಿ ಸುತ್ತಿಕೊಂಡು ಒಳಗಿನ ಬಿಳಿಯ ಲೋಹ ಕಾಣುತ್ತಿತ್ತು. ಆಮೇಲೆ ಆ ಸೆಲ್ಲುಗಳು ಟಾರ್ಚಿನಲ್ಲಿ ಕಾಲು ಗಂಟೆಯೂ ನಿಲ್ಲಲಿಲ್ಲ. ಚಾರ್ಜರ್ ಅಗ್ಗವಾಗಿತ್ತು, ನಷ್ಟವಾದದ್ದು ಅದಕ್ಕಿಂತ ಹೆಚ್ಚು ಬೆಲೆಯ ಸೆಲ್ಲುಗಳು.

ಹಾಗಾದರೆ ಸೆಲ್ಲು ತುಂಬಿತೆಂದು ಒಳ್ಳೆಯ ಚಾರ್ಜರ್‌ಗೆ ತಿಳಿಯುವುದು ಹೇಗೆ?

ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ತುಂಬುತ್ತಾ ಬಂದಂತೆ ಅದರ ವೋಲ್ಟೇಜ್ ಏರುತ್ತಾ ಹೋಗಿ, ಪೂರ್ತಿ ತುಂಬಿದ ಕೂಡಲೇ ತುಸುವೇ ಇಳಿಯುತ್ತದೆ. ಆ ಇಳಿತ ಕೆಲವೇ ಮಿಲಿವೋಲ್ಟ್. ಅದನ್ನು ಹಿಡಿದು ಕರೆಂಟ್ ನಿಲ್ಲಿಸುವ ವಿಧಾನಕ್ಕೆ ‘ಮೈನಸ್ ಡೆಲ್ಟಾ ವಿ’ ಎಂದು ಹೆಸರು. ಡಬ್ಬಿಯ ಮೇಲೆ ಈ ಮಾತು ಇದೆಯೇ ಎಂದು ನೋಡಿ. ತುಂಬಿದ ಸೆಲ್ಲು ಬಿಸಿಯಾಗತೊಡಗುವುದರಿಂದ ಉಷ್ಣತೆಯನ್ನು ಗಮನಿಸುವ ಸೆನ್ಸರ್ ಕೂಡ ಇದ್ದರೆ ಮತ್ತಷ್ಟು ಒಳ್ಳೆಯದು. ಇವೆರಡೂ ಇರುವ ಚಾರ್ಜರ್‌ನಲ್ಲಿ ಕರೆಂಟ್ ಹೋಗಿ ಬಂದರೂ ದೊಡ್ಡ ತೊಂದರೆಯಿಲ್ಲ. ತುಂಬಿದ ಸೆಲ್ಲಿಗೆ ಮತ್ತೆ ಚಾರ್ಜ್ ಆರಂಭವಾದರೂ ಸ್ವಲ್ಪ ಹೊತ್ತಿನಲ್ಲೇ ಅದನ್ನು ಗುರುತಿಸಿ ನಿಲ್ಲಿಸುತ್ತದೆ.

‘ಪ್ರತಿ ಸೆಲ್ಲಿಗೂ ಬೇರೆ ಚಾನೆಲ್’ ಎಂದರೇನು? ಅದಕ್ಕೆ ಹೆಚ್ಚು ಹಣ ಕೊಡಬೇಕೇ?

ಪ್ರತಿ ಸೆಲ್ಲನ್ನೂ ಬೇರೆಯಾಗಿ ಗಮನಿಸಿ, ಅದು ತುಂಬಿದಾಗ ಅದಕ್ಕಷ್ಟೇ ಕರೆಂಟ್ ನಿಲ್ಲಿಸುವ ವ್ಯವಸ್ಥೆ ಅದು. ಹೆಚ್ಚು ಹಣ ಕೊಡಬೇಕು. ಚಾರ್ಜರ್‌ಗೆ ಖರ್ಚು ಮಾಡುವ ಹಣದಲ್ಲಿ ಇದಕ್ಕೆ ಹೋಗುವುದೇ ಸಾರ್ಥಕವಾದದ್ದು. ಅನೇಕ ಚಾರ್ಜರ್‌ಗಳು ಸೆಲ್ಲುಗಳನ್ನು ಜೋಡಿಯಾಗಿ ಮಾತ್ರ ತೆಗೆದುಕೊಳ್ಳುತ್ತವೆ. ಅಂಥದರಲ್ಲಿ ಒಂದು ಸೆಲ್ಲು ಅರ್ಧ ತುಂಬಿದ್ದು ಇನ್ನೊಂದು ಪೂರ್ತಿ ಖಾಲಿಯಾಗಿದ್ದರೆ, ಎರಡಕ್ಕೂ ಒಂದೇ ಪಾಲು ಸಿಗುವುದರಿಂದ ಮೊದಲನೆಯದು ಮಿತಿ ಮೀರುತ್ತದೆ ಅಥವಾ ಎರಡನೆಯದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ.

ಸಿಂಧನೂರಿನ ಕಡೆ ನಮ್ಮ ಸೋದರಮಾವನವರು ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವಾಗ ಮೂರು ಸೆಲ್ಲಿನ ಟಾರ್ಚ್ ಒಯ್ಯುತ್ತಾರೆ. ಎಷ್ಟು ಚಾರ್ಜ್ ಮಾಡಿದರೂ ಕಾಲುವೆ ದಂಡೆ ತಲುಪುವಷ್ಟರಲ್ಲಿ ಬೆಳಕು ಕುಗ್ಗುತ್ತದೆ ಎಂದು ಹೇಳುತ್ತಿದ್ದರು. ಮೂರು ಸೆಲ್ಲನ್ನು ಜೋಡಿ ಚಾರ್ಜರ್‌ನಲ್ಲಿ ಇಡಲಾಗದೆ, ಮೂರನೆಯದಕ್ಕೆ ಜೊತೆಯಾಗಿ ಮನೆಯಲ್ಲಿದ್ದ ಯಾವುದೋ ಹಳೆಯ ಸೆಲ್ಲನ್ನು ಇಡುತ್ತಿದ್ದುದೇ ಇದಕ್ಕೆ ಕಾರಣವಾಗಿತ್ತು. ಆ ಮೂರನೆಯದು ಒಮ್ಮೆಯೂ ಪೂರ್ತಿ ತುಂಬುತ್ತಿರಲಿಲ್ಲ. ಸಾಲಾಗಿ ಹಾಕಿದ ಸೆಲ್ಲುಗಳಲ್ಲಿ ಒಂದು ಮೊದಲೇ ಬರಿದಾದರೆ ಉಳಿದವು ಅದರ ಮೂಲಕವೇ ಕರೆಂಟ್ ದೂಡಿ ಅದರ ಪ್ಲಸ್ ಮೈನಸ್ಸನ್ನು ಉಲ್ಟಾ ಮಾಡುತ್ತವೆ, ಅದು ಪೂರ್ತಿ ಹಾಳಾಗುತ್ತದೆ. ಬೇರೆ ಬೇರೆ ಚಾನೆಲ್ ಇರುವ ಚಾರ್ಜರ್‌ನಲ್ಲಿ ಮೂರು ಸೆಲ್ಲನ್ನೂ, ಬೇಕಿದ್ದರೆ ಒಂದನ್ನೇ, ನಿಶ್ಚಿಂತೆಯಿಂದ ಇಡಬಹುದು. ಮಾವನವರಿಗೆ ಅಂಥದ್ದನ್ನು ತಂದುಕೊಟ್ಟು, ಮೂರು ಹೊಸ ಸೆಲ್ಲುಗಳ ಮೇಲೆ ಮಾರ್ಕರ್‌ನಿಂದ ಒಂದೇ ಗುರುತು ಹಾಕಿಕೊಟ್ಟ ಮೇಲೆ ಆ ದೂರು ನಿಂತಿತು. ಒಟ್ಟಿಗೆ ಕೊಂಡ ಸೆಲ್ಲುಗಳನ್ನು ಒಟ್ಟಿಗೇ ಬಳಸಬೇಕು, ಹಳೆಯದನ್ನೂ ಹೊಸದನ್ನೂ ಬೆರೆಸಬಾರದು.

ಅಂಗಡಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಪ್ರತಿ ಸೆಲ್ಲಿನ ಜಾಗಕ್ಕೂ ಒಂದೊಂದು ದೀಪವೋ ಪರದೆಯ ಮೇಲೆ ಒಂದೊಂದು ಅಂಕಿಯೋ ಇರಬೇಕು, ಒಂದೇ ಸೆಲ್ಲು ಇಟ್ಟರೂ ಚಾರ್ಜ್ ಆರಂಭವಾಗಬೇಕು. ನಾಲ್ಕು ಜಾಗಕ್ಕೆ ಎರಡೇ ದೀಪವಿದ್ದರೆ ಅದು ಜೋಡಿ ಚಾರ್ಜರ್ ಎಂದು ತಿಳಿಯಿರಿ.

ಬೇಗ ಚಾರ್ಜ್ ಮಾಡುವುದು ಒಳ್ಳೆಯದೋ ನಿಧಾನವಾಗಿ ಮಾಡುವುದೋ?

ಮಧ್ಯಮ ವೇಗ ಒಳ್ಳೆಯದು. ತೀರ ನಿಧಾನವಾದರೆ, ಮೇಲೆ ಹೇಳಿದ ವೋಲ್ಟೇಜ್ ಇಳಿತ ಎಷ್ಟು ಮಂದವಾಗುತ್ತದೆ ಎಂದರೆ ಚಾರ್ಜರ್‌ಗೆ ಅದು ಗೊತ್ತೇ ಆಗದಿರಬಹುದು. ತೀರ ವೇಗವಾದರೆ ಸೆಲ್ಲು ಕಾಯುತ್ತದೆ. ಸೆಲ್ಲಿನ ಎಂಎಎಚ್ ಸಂಖ್ಯೆಯ ಕಾಲುಭಾಗದಿಂದ ಅರ್ಧದವರೆಗಿನ ಕರೆಂಟ್ ನಾನು ಬಳಸುವ ಅಳತೆ. 2000 ಎಂಎಎಚ್‌ನ ಎಎ ಸೆಲ್ಲಿಗೆ 500ರಿಂದ 1000 ಮಿಲಿ ಆಂಪಿಯರ್, 800ರ ಎಎಎ ಸೆಲ್ಲಿಗೆ 200ರಿಂದ 400. ಆದ್ದರಿಂದ ಕರೆಂಟನ್ನು ನಾವೇ ಆರಿಸುವ ಅಥವಾ ಎಎಎ ಸೆಲ್ಲಿಗೆ ತಾನಾಗಿಯೇ ಕಡಿಮೆ ಕೊಡುವ ಚಾರ್ಜರ್ ಬೇಕು. ‘ಒಂದು ಗಂಟೆಯೊಳಗೆ ಫುಲ್’ ಎಂಬ ಚಾರ್ಜರ್‌ಗಳನ್ನು ನಮ್ಮ ಬಿಸಿಲಿನ ಊರುಗಳಿಗೆ ನಾನು ಸೂಚಿಸುವುದಿಲ್ಲ.

ಬೇಸಿಗೆಯಲ್ಲಿ ಯಾವ ಹೊತ್ತಿನಲ್ಲಿ, ಎಲ್ಲಿ ಇಟ್ಟು ಚಾರ್ಜ್ ಮಾಡಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಚಾರ್ಜ್ ಮುಗಿಯುವ ಹೊತ್ತಿಗೆ ಸೆಲ್ಲು ಸುತ್ತಲಿನ ಗಾಳಿಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಬಿಸಿಯಾಗಬಲ್ಲದು. ಅಂದರೆ ಮಧ್ಯಾಹ್ನ ಚಾರ್ಜ್ ಮಾಡಿದರೆ 50 ಡಿಗ್ರಿಯನ್ನೂ ಮೀರುತ್ತದೆ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿಗೆ ಹಿತವಾದದ್ದು 10ರಿಂದ 30 ಡಿಗ್ರಿ. 45ರ ಮೇಲೆ ಚಾರ್ಜ್ ಮಾಡುವುದು ನಿಕಲ್ಲಿಗೂ ಲಿಥಿಯಂಗೂ ಸಲ್ಲದು. ಬಿಸಿ ಹೆಚ್ಚಿದಷ್ಟೂ ಸೆಲ್ಲು ಕರೆಂಟನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ತುಂಬಿತೆಂಬ ಸೂಚನೆಯೂ ಮಸುಕಾಗುತ್ತದೆ.

ನಾವು ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದೊಡನೆ ಚಾರ್ಜಿಗೆ ಇಟ್ಟು, ಬಿಸಿಲೇರುವ ಮೊದಲು ತೆಗೆಯುತ್ತೇವೆ. ಇಡುವ ಜಾಗ ಅಡುಗೆಮನೆಯ ಹೊರಗೋಡೆಯಲ್ಲಿರುವ ಕಡಪಾ ಕಲ್ಲಿನ ಶೆಲ್ಫ್. ನಮ್ಮ ಕಡೆಯ ಮನೆಗಳಲ್ಲಿ ಅದು ಹೇಗೂ ಇರುತ್ತದೆ. ಕಲ್ಲು ತಣ್ಣಗಿರುತ್ತದೆ, ಅಕಸ್ಮಾತ್ ಏನಾದರೂ ಆದರೆ ಬೆಂಕಿ ಹಿಡಿಯುವ ವಸ್ತುವೂ ಅಲ್ಲ. ಹಾಸಿಗೆ, ಸೋಫಾ, ಟಿವಿಯ ಮೇಲಿನ ಬಟ್ಟೆ ಇವುಗಳ ಮೇಲೆ ಇಡಬೇಡಿ. ಫ್ಯಾನಿನ ಗಾಳಿ ಬಿದ್ದರೆ ಒಳ್ಳೆಯದು, ಆದರೆ ಕೂಲರ್‌ನ ತೇವದ ಗಾಳಿಗೆ ನೇರವಾಗಿ ಒಡ್ಡಬಾರದು.

ಟಾರ್ಚಿನ ದೊಡ್ಡ ಡಿ ಸೆಲ್ಲುಗಳಿಗೆ ಎಂತಹ ಚಾರ್ಜರ್ ಬೇಕು?

ಮೊದಲು ಸೆಲ್ಲನ್ನು ಕೈಯಲ್ಲಿ ತೂಗಿ ನೋಡಿ. ದೊಡ್ಡ ಕವಚದೊಳಗೆ ಎಎ ಅಳತೆಯ ಸೆಲ್ಲನ್ನೇ ಕೂರಿಸಿ ಡಿ ಎಂದು ಮಾರುವುದೂ ಉಂಟು. ಮೇಲೆ 2500 ಎಂಎಎಚ್ ಎಂದು ಬರೆದಿದ್ದು, ಎತ್ತಿದರೆ ಹಗುರವಾಗಿದ್ದರೆ ಅದು ಅಂಥದ್ದೇ. 10000 ಎಂಎಎಚ್‌ನ ನಿಜವಾದ ಡಿ ಸೆಲ್ಲು 150 ಗ್ರಾಂ ದಾಟುತ್ತದೆ.

ಅಂತಹ ಸೆಲ್ಲನ್ನು 500 ಮಿಲಿ ಆಂಪಿಯರ್ ಕೊಡುವ ಚಾರ್ಜರ್‌ನಲ್ಲಿ ಇಟ್ಟರೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ಕೆಲವು ಚಾರ್ಜರ್‌ಗಳು ಇಷ್ಟು ಹೊತ್ತು ಕಳೆದರೆ ಸುರಕ್ಷತೆಗೆಂದು ನಡುವೆಯೇ ನಿಲ್ಲುತ್ತವೆ. ಆದ್ದರಿಂದ ಡಿ ಸೆಲ್ಲಿಗೆ 1000 ಮಿಲಿ ಆಂಪಿಯರ್ ಅಥವಾ ಹೆಚ್ಚು ಕೊಡುವ, ಜಾಗ ಅಗಲವಾಗಿರುವ ಚಾರ್ಜರ್ ಬೇಕು. ಡಿ ಸೆಲ್ಲು ಎರಡು ಮೂರೇ ಇದ್ದರೆ, ಎಎ ಸೆಲ್ಲನ್ನು ಡಿ ಟಾರ್ಚಿಗೆ ಹೊಂದಿಸುವ ಪ್ಲಾಸ್ಟಿಕ್ ಕವಚ ಕೊಂಡು, ಚಾರ್ಜರ್ ಎಎ ಮತ್ತು ಎಎಎಗೆ ಮಾತ್ರ ಇರಲಿ ಎಂಬುದು ನನ್ನ ಸಲಹೆ. ಬೆಳಕಿನ ಅವಧಿ ಕಡಿಮೆಯಾಗುತ್ತದೆ, ಆದರೆ ಎಲ್‌ಇಡಿ ಟಾರ್ಚಿಗೆ ಬಹುತೇಕ ಅಷ್ಟೇ ಸಾಕು.

ಚೌಕದ 9 ವೋಲ್ಟ್ ಬ್ಯಾಟರಿ?

ಅದರೊಳಗೆ ಆರೋ ಏಳೋ ಪುಟ್ಟ ಸೆಲ್ಲುಗಳು ಸಾಲಾಗಿ ಇರುತ್ತವೆ, ಸಾಮರ್ಥ್ಯ 200 ಎಂಎಎಚ್‌ನ ಆಸುಪಾಸು. ಕೆಲವು ಎಎ ಚಾರ್ಜರ್‌ಗಳ ಬದಿಯಲ್ಲಿ ಇದಕ್ಕೊಂದು ಜಾಗ ಇರುತ್ತದೆ. ಆದರೆ ಆ ಬದಿಯ ಜಾಗಕ್ಕೆ ತಾನಾಗಿ ನಿಲ್ಲುವ ವ್ಯವಸ್ಥೆ ಅನೇಕ ಬಾರಿ ಇರುವುದಿಲ್ಲ, ಮಾಹಿತಿ ಚೀಟಿಯನ್ನು ಓದಿಯೇ ಬಳಸಬೇಕು. ಮಲ್ಟಿಮೀಟರ್, ಮೈಕ್ ಇರುವವರಿಗೆ ಬಿಟ್ಟರೆ ಉಳಿದ ಮನೆಗಳಿಗೆ ಇದು ಬೇಕಾಗುವುದಿಲ್ಲ.

ನಿಕಲ್ ಮತ್ತು ಲಿಥಿಯಂ ಎರಡನ್ನೂ ಚಾರ್ಜ್ ಮಾಡುವ ಚಾರ್ಜರ್ ನಂಬಬಹುದೇ?

ಸೆಲ್ಲನ್ನು ಇಟ್ಟೊಡನೆ ಅದರ ವೋಲ್ಟೇಜ್ ನೋಡಿ ಜಾತಿಯನ್ನು ತಾನೇ ಗುರುತಿಸುವ, ಉದ್ದಕ್ಕೆ ತಕ್ಕಂತೆ ಜಾರುವ ಕೊಂಡಿ ಇರುವ ಚಾರ್ಜರ್‌ಗಳು ಸಿಗುತ್ತವೆ. ಎಎಎಯಿಂದ ಹಿಡಿದು 18650ರವರೆಗೂ ಅವು ಹಿಡಿಯುತ್ತವೆ. 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್ಲು. ಒಳ್ಳೆಯ ತಯಾರಿಕೆಯದಾದರೆ ಹಲವು ಅಳತೆ ಇರುವ ಮನೆಗೆ ಇದೇ ಅನುಕೂಲ, ನಮ್ಮಲ್ಲಿರುವುದೂ ಇದೇ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. 3.2 ವೋಲ್ಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು ನೋಡಲು ಇತರ ಲಿಥಿಯಂ ಸೆಲ್ಲಿನಂತೆಯೇ ಇದ್ದರೂ 3.65 ವೋಲ್ಟಿಗೆ ನಿಲ್ಲಬೇಕು. ಅದನ್ನು ಚಾರ್ಜರ್ ತಾನಾಗಿ ಗುರುತಿಸಲಾರದು, ನಾವೇ ಗುಂಡಿ ಒತ್ತಿ ಆರಿಸಬೇಕು. ಸೋಲಾರ್ ತೋಟದ ದೀಪಗಳಲ್ಲಿ ಇಂಥವು ಸಿಗುತ್ತವೆ. ಲಿಥಿಯಂ ಸೆಲ್ಲಿನ ಹೊದಿಕೆ ಹರಿದಿದ್ದರೆ, ಉಬ್ಬಿದ್ದರೆ, ಚಾರ್ಜಿಗೆ ಇಡಲೇಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗಲೂ ಇಡಬೇಡಿ.

ಯುಎಸ್‌ಬಿ ಬಾಯಿ ಇರುವ 1.5 ವೋಲ್ಟ್ ಎಎ ಸೆಲ್ಲುಗಳಿಗೆ ಚಾರ್ಜರ್ ಬೇಡವಲ್ಲ?

ಬೇಡ. ಅವುಗಳೊಳಗೆ ಲಿಥಿಯಂ ಸೆಲ್ಲೂ ವೋಲ್ಟೇಜ್ ಇಳಿಸುವ ಸರ್ಕ್ಯೂಟೂ ಇವೆ, ಮೊಬೈಲ್ ಅಡಾಪ್ಟರ್‌ನಿಂದ ಚಾರ್ಜ್ ಆಗುತ್ತವೆ. ಆದರೆ ಇವನ್ನು ತಪ್ಪಿ ನಿಕಲ್ ಚಾರ್ಜರ್‌ನಲ್ಲಿ ಇಡಬಾರದು, ಹೊರನೋಟಕ್ಕೆ ಎರಡೂ ಒಂದೇ. ಹಿರಿಯರೂ ಮಕ್ಕಳೂ ಇರುವ ಮನೆಯಲ್ಲಿ ಎರಡು ಜಾತಿಯನ್ನು ಬೆರೆಸಿ ಇಡುವುದಕ್ಕಿಂತ ಒಂದನ್ನೇ ಆರಿಸಿಕೊಳ್ಳುವುದು ಮೇಲು.

ಮುಗಿದುಹೋದ ಮಾಮೂಲಿ ಸೆಲ್ಲನ್ನು ಒಮ್ಮೆ ಚಾರ್ಜ್ ಮಾಡಿ ನೋಡಬಹುದೇ?

ಬೇಡ. ಒಳಗೆ ಅನಿಲ ತುಂಬಿ ಸೋರುತ್ತದೆ, ಒಡೆಯಲೂಬಹುದು. ಗುಂಡಿಯಂತಹ ಸಿಆರ್2032 ಸೆಲ್ಲುಗಳಿಗೂ ಇದೇ ಮಾತು. ಅವನ್ನು ಮಕ್ಕಳ ಕೈಗೆ ಸಿಗದಂತೆಯೂ ಇಡಬೇಕು, ನುಂಗಿದರೆ ಗಂಟಲನ್ನು ಸುಡುತ್ತವೆ, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಯಾವ ಉಪಕರಣಕ್ಕೆ ರೀಚಾರ್ಜಬಲ್ ಸೆಲ್ಲು ಹಾಕಬೇಕು, ಯಾವುದಕ್ಕೆ ಬೇಡ?

ಗೋಡೆ ಗಡಿಯಾರಕ್ಕೆ ಬೇಡ. ಅದು ಕುಡಿಯುವ ಕರೆಂಟ್ ಅತಿ ಕಡಿಮೆ, ಒಂದು ಮಾಮೂಲಿ ಸೆಲ್ಲು ತಿಂಗಳುಗಟ್ಟಲೆ ಬರುತ್ತದೆ. ಟಾರ್ಚ್, ಬಿಪಿ ಯಂತ್ರ, ಓಡುವ ಆಟಿಕೆ, ಕ್ಯಾಮೆರಾ ಫ್ಲಾಶ್ ಇವುಗಳಲ್ಲಿ ರೀಚಾರ್ಜಬಲ್ ಸೆಲ್ಲಿನ ಲಾಭ ಚೆನ್ನಾಗಿ ಕಾಣುತ್ತದೆ. 1.2 ವೋಲ್ಟ್ ಕಡಿಮೆಯಾಯಿತಲ್ಲ ಎಂದು ಅನೇಕರು ಅಂಜುತ್ತಾರೆ. ಮಾಮೂಲಿ ಸೆಲ್ಲು 1.5ರಲ್ಲಿ ಆರಂಭವಾದರೂ ಬಳಸುತ್ತಾ 1.2ಕ್ಕೆ ಇಳಿದೇ ಇಳಿಯುತ್ತದೆ, ನಿಕಲ್ ಸೆಲ್ಲು ಕೊನೆಯವರೆಗೂ ಅಲ್ಲೇ ನಿಂತಿರುತ್ತದೆ.

ಎತ್ತಿಟ್ಟು ಯಾವಾಗಲೋ ಬಳಸುವ ಟಾರ್ಚಿಗೆ ‘ಲೋ ಸೆಲ್ಫ್ ಡಿಸ್ಚಾರ್ಜ್’ ಎಂದು ಬರೆದ ಸೆಲ್ಲನ್ನೇ ಕೊಳ್ಳಿ. ಹಳೆಯ ಬಗೆಯ ನಿಕಲ್ ಸೆಲ್ಲುಗಳು ಸುಮ್ಮನೆ ಇಟ್ಟರೂ ಕೆಲವು ವಾರಗಳಲ್ಲಿ ಸೊರಗುತ್ತಿದ್ದವು. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಎನಿಲೂಪ್ ಎಂಬ ಹೆಸರಿನಲ್ಲಿ ವರ್ಷ ಕಳೆದರೂ ಬಹುಪಾಲು ಚಾರ್ಜ್ ಉಳಿಸಿಕೊಳ್ಳುವ ಸೆಲ್ಲನ್ನು ತಂದಿತು, ಈಗ ಹಲವು ಕಂಪನಿಗಳು ಅಂಥವನ್ನು ಮಾಡುತ್ತವೆ. 2700 ಎಂದು ದೊಡ್ಡ ಅಂಕಿ ಬರೆದ ಸೆಲ್ಲಿಗಿಂತ 2000ದ ಈ ಬಗೆಯ ಸೆಲ್ಲು ಮನೆಗೆ ಹೆಚ್ಚು ಉಪಯುಕ್ತ.

ಕರೆಂಟ್ ಬಿಲ್ ಹೆಚ್ಚುತ್ತದೆಯೇ? ಇನ್ವರ್ಟರ್ ಮೇಲೆ ಚಾರ್ಜ್ ಮಾಡಬಹುದೇ?

ನಾಲ್ಕು ಎಎ ಸೆಲ್ಲುಗಳಲ್ಲಿ ತುಂಬುವ ಶಕ್ತಿ ಸುಮಾರು 10 ವಾಟ್ ಅವರ್. ಅದರಷ್ಟೇ ವ್ಯರ್ಥವಾಗುತ್ತದೆ ಎಂದುಕೊಂಡರೂ ಒಂದು ಯೂನಿಟ್‌ನಲ್ಲಿ, ಅಂದರೆ 1000 ವಾಟ್ ಅವರ್‌ನಲ್ಲಿ, ಐವತ್ತು ಸಲ ಚಾರ್ಜ್ ಮಾಡಬಹುದು. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಹಳೆಯ ಚಾರ್ಜರ್‌ಗಳು ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಗುಂಯ್‌ಗುಡುತ್ತಾ ಹೆಚ್ಚು ಕಾಯುತ್ತವೆ. ಯುಎಸ್‌ಬಿಯಿಂದ ನಡೆಯುವ ಚಾರ್ಜರ್ ಆದರೆ ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ, ಹೊಲದ ಮನೆಯಲ್ಲಿ ಇರುವವರಿಗೆ ಅದೇ ಒಳ್ಳೆಯದು.

ಸೆಲ್ಲು ಇಟ್ಟರೆ ಚಾರ್ಜರ್ ‘ಎರರ್’ ತೋರಿಸುತ್ತದೆ. ಸೆಲ್ಲು ಸತ್ತಿದೆಯೇ?

ಯಾವಾಗಲೂ ಹಾಗಲ್ಲ. ಮೊದಲು ಎರಡೂ ತುದಿಗಳನ್ನೂ ಚಾರ್ಜರ್‌ನ ತಗಡಿನ ಕೊಂಡಿಗಳನ್ನೂ ಒಣಬಟ್ಟೆಯಿಂದ ಉಜ್ಜಿ. ಸಂಡೂರು, ತೋರಣಗಲ್ಲು ಕಡೆಯ ಮನೆಗಳಲ್ಲಿ ಕೆಂಪು ಅದಿರಿನ ಧೂಳು ಕೊಂಡಿಗಳ ಮೇಲೆ ಪದರವಾಗಿ ಕೂರುತ್ತದೆ. ಆಲ್ಕಲೈನ್ ಸೆಲ್ಲು ಸೋರಿ ಸ್ಪ್ರಿಂಗ್ ಮೇಲೆ ಬಿಳಿಯ ಪುಡಿ ಕಟ್ಟಿದ್ದರೆ ಹತ್ತಿಗೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ, ಒಣಗಿಸಿ. ಟಾರ್ಚ್ ಆರಿಸಲು ಮರೆತು ಪೂರ್ತಿ ಬರಿದಾದ ನಿಕಲ್ ಸೆಲ್ಲನ್ನು ಕೆಲವು ಚಾರ್ಜರ್‌ಗಳು ಗುರುತಿಸುವುದಿಲ್ಲ. ಸೆಲ್ಲನ್ನು ಬರಿದು ಮಾಡಿ ಮತ್ತೆ ತುಂಬುವ ‘ರಿಫ್ರೆಶ್’ ಸೌಲಭ್ಯ ಇರುವ ಚಾರ್ಜರ್‌ನಲ್ಲಿ ಅಂಥವು ಎಷ್ಟೋ ಸಲ ಚೇತರಿಸಿಕೊಳ್ಳುತ್ತವೆ. ಎರಡು ಮೂರು ಸಲ ಯತ್ನಿಸಿದ ಮೇಲೂ ಬೇಗ ಬಿಸಿಯಾಗಿ ಬೇಗ ಬರಿದಾದರೆ ಆ ಸೆಲ್ಲಿನ ಆಯಸ್ಸು ಮುಗಿದಿದೆ. ಬರಿದಾದ ಲಿಥಿಯಂ ಸೆಲ್ಲನ್ನು ಮಾತ್ರ ಹೀಗೆ ಬಲವಂತದಿಂದ ಎಬ್ಬಿಸಬಾರದು.

ಅಸಲಿ ಮಾಲೇ ಎಂದು ತಿಳಿಯುವುದು ಹೇಗೆ?

ರೀಚಾರ್ಜಬಲ್ ಸೆಲ್ಲುಗಳಿಗೆ ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಕಡ್ಡಾಯ ನೋಂದಣಿ ಇದೆ. ಡಬ್ಬಿಯ ಮೇಲೆ ಐಎಸ್ 16046 ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. 18650 ಸೆಲ್ಲಿನ ಮೇಲೆ 9900 ಎಂಎಎಚ್ ಎಂದಿದ್ದರೆ ಅದು ಸುಳ್ಳು, ಆ ಅಳತೆಯಲ್ಲಿ ಒಳ್ಳೆಯ ಕಂಪನಿಗಳ ಸೆಲ್ಲುಗಳೇ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ.

ಸತ್ತ ಸೆಲ್ಲುಗಳನ್ನು ಏನು ಮಾಡಬೇಕು?

ಕಸದ ಗಾಡಿಗೆ ಹಾಕಬೇಡಿ, ಒಲೆಗಂತೂ ಹಾಕಲೇಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಸೆಲ್ಲುಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರು ಹಾಗೂ ಆಮದುದಾರರದು. ಆದ್ದರಿಂದ ಹೊಸದನ್ನು ಕೊಳ್ಳುವಾಗ ಹಳೆಯದನ್ನು ಹಿಂದಕ್ಕೆ ಪಡೆಯುತ್ತೀರಾ ಎಂದು ಅಂಗಡಿಯಲ್ಲಿ ಕೇಳಿ. ಅಲ್ಲಿಯವರೆಗೆ ಲಿಥಿಯಂ ಸೆಲ್ಲುಗಳ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಣಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿಲು ತಾಗದ ಕಡೆ ಇಡಿ. ಕಬ್ಬಿಣದ ಡಬ್ಬಿ, ಮೊಳೆ, ಚಿಲ್ಲರೆ ನಾಣ್ಯಗಳ ಜೊತೆ ಇಡಬಾರದು.